ಖಾಲಿ ಬಂದೂಕು ಅಂತ ಯಾರು ಹೇಳಿದರು?

ದಸರೆ ಹತ್ತಿರ ಬಂತು, ಹೊಲಕ್ಕೆ ಹಂದಿ ನುಗ್ಗುವ ಕಾಲವೂ ಇದೇ. ಅದಕ್ಕೋ ಏನೋ, ಈ ಸಲ ಬಂದೂಕಿನ ಬಗ್ಗೆಯೇ ಜಾಸ್ತಿ ಪ್ರಶ್ನೆ ಬಂದಿವೆ.

ಅಪ್ಪಾಜಿ ಕಾಲದ ಜೋಡು ನಳಿಗೆ ಬಂದೂಕು ಮನೆಯಲ್ಲಿದೆ. ಅವರು ಈಗಿಲ್ಲ. ಖಂಡೇ ಪೂಜೆಗೆ (ಆಯುಧ ಪೂಜೆಗೆ) ಹೊರಗೆ ತೆಗೆದು ಕುಂಕುಮ ಹಚ್ಚುತ್ತೇವೆ, ಮಕ್ಕಳು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಖಾಲಿಯೇ ಇದೆ. ಆದರೂ ಏನಾದರೂ ಜಾಗ್ರತೆ ಬೇಕಾ?
– ಓದುಗರು, ಸೇಡಂ

ಖಾಲಿಯೇ ಇದೆ ಅಂದಿರಿ. ನೀವೇ ಬಿಚ್ಚಿ ನೋಡಿದ್ದೀರಾ, ಇಲ್ಲಾ ಮನೆಯಲ್ಲಿ ಎಲ್ಲರೂ ಹಾಗೆ ಹೇಳುತ್ತಾರಾ? ಮನೆಯೊಳಗೆ ಗುಂಡು ಸಿಡಿದ ಸುದ್ದಿ ಬಂದಾಗ ಓದಿ ನೋಡಿ, "ಖಾಲಿ ಅಂದುಕೊಂಡಿದ್ದೆ" ಅನ್ನೋ ಮಾತು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅದಕ್ಕೇ ಬಂದೂಕು ಬಲ್ಲವರು ಮೊದಲು ಕಲಿಸುವುದು ಇದನ್ನು: ಕೈಗೆ ಬಂದ ಯಾವುದೇ ಬಂದೂಕು ತುಂಬಿದೆ ಅಂತಲೇ ಹಿಡಿಯಬೇಕು. ಈಗಷ್ಟೇ ನಿಮ್ಮ ಕಣ್ಣೆದುರೇ ಖಾಲಿ ಮಾಡಿ ಕೊಟ್ಟಿದ್ದರೂ ಸೈ, ನೀವು ಮತ್ತೆ ನೋಡಬೇಕು. ಇದರಲ್ಲಿ ಅವಮಾನ ಏನೂ ಇಲ್ಲ.

ಆದರೆ ನಿಮ್ಮ ವಿಷಯದಲ್ಲಿ ಅದಕ್ಕೂ ಮೊದಲು ಒಂದು ಕೆಲಸ ಇದೆ. ಲೈಸೆನ್ಸ್ ಅಪ್ಪಾಜಿ ಹೆಸರಲ್ಲಿತ್ತು, ಈಗ ಅವರಿಲ್ಲ. ಅಂದಮೇಲೆ ಆ ಬಂದೂಕು ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಜಮಾ ಮಾಡಬೇಕು. ಠಾಣೆಗೆ ಫೋನ್ ಮಾಡಿ, ಹೇಗೆ ತರಬೇಕು ಅಂತ ಕೇಳಿಯೇ ಹೊರಡಿ. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಬೇಕು ಅಂತ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು.

ಲೈಸೆನ್ಸ್ ಸಿಕ್ಕಮೇಲೆ ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅಲಮಾರಿಯಿಂದ ತೆಗೆಯುವಾಗಲೇ ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು. ನಮ್ಮ ಕಡೆ ಮನೆಗಳಲ್ಲಿ ಒಂದು ಸಮಸ್ಯೆ, ನೆಲಕ್ಕೆ ಹಿಡಿಯೋಣ ಅಂದರೆ ಶಹಾಬಾದ್ ಫರಸಿ. ಕಲ್ಲಿಗೆ ಬಡಿದ ಗುಂಡು ಎತ್ತ ಪುಟಿಯುತ್ತದೋ ದೇವರೇ ಬಲ್ಲ. ಗೋಡೆ ಕಡೆ ಹಿಡಿದರೆ ಆಚೆ ಕೋಣೆಯಲ್ಲಿ ಯಾರಿದ್ದಾರೋ. ಅಂಗಳದ ಮೆತ್ತನೆ ಮಣ್ಣಿನ ಕಡೆ ಹಿಡಿದು, ಬೆರಳನ್ನು ಟ್ರಿಗರ್‌ನಿಂದ ದೂರ ಇಟ್ಟು, ಬಂದೂಕು ಮಡಚಿ ಬಿಚ್ಚಿ. ಎರಡೂ ನಳಿಗೆ ನೋಡಿ, ಒಂದು ನೋಡಿ ಸುಮ್ಮನಾಗಬೇಡಿ. ಹಿಂದಿನಿಂದ ನೋಡಿದರೆ ಆ ತುದಿಯ ಬೆಳಕು ಕಾಣಬೇಕು. ಬಿಚ್ಚಿದ ಸ್ಥಿತಿಯಲ್ಲೇ ಪೂಜೆಗೆ ಇಡಿ, ಕಾಡತೂಸು ಬೇರೆ ಕಡೆ ಬೀಗದಲ್ಲಿರಲಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಮಕ್ಕಳ ಕೈಗೆ ಕೊಟ್ಟು ಫೋಟೊ ಮಾತ್ರ ಬೇಡ. ಇವತ್ತು ಫೋಟೊಗೆ ಅಂತ ಹಿಡಿದು ಟ್ರಿಗರ್ ಎಳೆದ ಹುಡುಗ ನಾಳೆ ಯಾರೂ ಇಲ್ಲದಾಗಲೂ ಎಳೆಯುತ್ತಾನೆ.

ನನಗೆ ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ. ರಾತ್ರಿ ತೊಗರಿ ಹೊಲದಲ್ಲಿ ಹಂದಿ ಕಾಟ. ಬಂದೂಕು ಹಿಡಿದು ತಿರುಗುವಾಗ ಏನು ನೋಡಿಕೊಳ್ಳಬೇಕು?
– ಒಬ್ಬ ರೈತ, ಚಿಂಚೋಳಿ ತಾಲ್ಲೂಕು

ಮೊದಲು ಕಾನೂನು. ಬಂದೂಕಿಗೆ ಲೈಸೆನ್ಸ್ ಇದೆ ಅಂದರೆ ಪ್ರಾಣಿ ಹೊಡೆಯಲು ಅನುಮತಿ ಇದೆ ಅಂತಲ್ಲ. ಅದನ್ನು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಬೇಕು. ನಮ್ಮ ಕಡೆ ಹೊಲಕ್ಕೆ ಬರುವ ಕೃಷ್ಣಮೃಗವನ್ನಂತೂ ಮುಟ್ಟುವ ಹಾಗೇ ಇಲ್ಲ. ಓಡಿಸಲು ತಮಟೆ, ಪಟಾಕಿ ಸಾಕು.

ಇನ್ನು ಕತ್ತಲು. ತೊಗರಿ ಆಳೆತ್ತರ ಬೆಳೆದಿರುತ್ತದೆ, ಒಳಗೆ ಸರಸರ ಅಂದಿದ್ದು ಹಂದಿಯೋ, ನೀರು ಬಿಡಲು ಬಂದ ಪಕ್ಕದ ಹೊಲದವನೋ? ಸಪ್ಪಳಕ್ಕೆ ಹೊಡೆಯಬಾರದು, ಹೊಳೆಯುವ ಕಣ್ಣಿಗೂ ಹೊಡೆಯಬಾರದು. ಆಕಳು, ನಾಯಿ ಕಣ್ಣೂ ಬ್ಯಾಟರಿ ಬೆಳಕಿಗೆ ಹೊಳೆಯುತ್ತದೆ ಅಲ್ವಾ? ಪೂರ್ತಿ ಮೈ ಕಾಣಬೇಕು, ಅದರ ಹಿಂದೆ ಏನಿದೆ ಅನ್ನುವುದೂ ಗೊತ್ತಿರಬೇಕು. ಹನ್ನೆರಡು ಬೋರಿನ (ಬೋರ್ ಅಂದರೆ ನಳಿಗೆಯ ಅಳತೆ) ಎಲ್‌ಜಿ ಅನ್ನುವ ದಪ್ಪ ಕಾಳಿನ ಗುಂಡು ಅರ್ಧ ಕಿಲೋಮೀಟರ್ ದಾಟಿ ಹೋಗಬಲ್ಲದು, ಗುರಿ ತಪ್ಪಿದ ಗುಂಡಿಗೆ ನಿಮ್ಮ ಬದು ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ. ರೈಫಲ್ ಗುಂಡಾದರೆ ಕಿಲೋಮೀಟರುಗಟ್ಟಲೆ. ಹೊಲ ಕಾಯಲು ಎಷ್ಟು ಜನ ಹೊಲದಲ್ಲೇ ಮಲಗುತ್ತಾರೆ ಅಂತ ನಿಮಗೆ ನಾನು ಹೇಳಬೇಕಾ!

ಒಡ್ಡು ಹತ್ತುವಾಗ, ತಂತಿ ಬೇಲಿ ದಾಟುವಾಗ, ಟ್ರ್ಯಾಕ್ಟರ್ ಏರುವಾಗ ಕಾಡತೂಸು ಹೊರಗೆ ತೆಗೆಯಲೇಬೇಕು. ಸೇಫ್ಟಿ ಹಾಕಿದ್ದೇನೆ ಅನ್ನಬೇಡಿ. ಎಷ್ಟೋ ಬಂದೂಕುಗಳಲ್ಲಿ ಅದು ಟ್ರಿಗರ್ ಒಂದನ್ನೇ ತಡೆಯುತ್ತದೆ, ಜೋರಾಗಿ ಬಿದ್ದರೆ ಸಿಡಿಯಬಹುದು. ಮೇಲೆ ಕುದುರೆ (ಬಡಿದು ಗುಂಡು ಸಿಡಿಸುವ ಸುತ್ತಿಗೆ) ಇರುವ ಹಳೇ ಮಾದರಿ ಆದರಂತೂ ಇನ್ನೂ ಹುಷಾರು.

ನಮ್ಮ ಎರೆ ಮಣ್ಣಿನ ವಿಷಯ ಬೇರೆಯೇ ಹೇಳಬೇಕು. ಮಳೆ ಆದಮೇಲೆ ಕಾಲು ಜಾರಿ ನಳಿಗೆ ನೆಲಕ್ಕೆ ತಾಗಿದರೆ ಬಾಯಿಯಲ್ಲಿ ಮಣ್ಣು ಗಟ್ಟಿಯಾಗಿ ಕೂರುತ್ತದೆ. ಹಾಗೇ ಹೊಡೆದರೆ ನಳಿಗೆಯೇ ಸೀಳುತ್ತದೆ, ಹಿಡಿದ ಕೈ ಹೋಗುತ್ತದೆ. ಬಿದ್ದಿರೋ, ಬಿಚ್ಚಿ ಖಾಲಿ ಮಾಡಿ ಬೆಳಕು ಕಾಣುತ್ತದಾ ನೋಡಿ. ಇಪ್ಪತ್ತು ಬೋರಿನ ಕಾಡತೂಸು ಹನ್ನೆರಡು ಬೋರಿನ ಜೊತೆ ಒಂದೇ ಕಿಸೆಯಲ್ಲಿ ಇರಬಾರದು. ಬೋರಿನ ಸಂಖ್ಯೆ ಹೆಚ್ಚಾದಷ್ಟೂ ಕಾಡತೂಸು ಚಿಕ್ಕದು. ಇಪ್ಪತ್ತರದು ಜಾರಿ ಹನ್ನೆರಡರ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಖಾಲಿ ಇದೆ ಅಂತ ಹಿಂದೆ ದೊಡ್ಡದು ಹಾಕಿ ಹೊಡೆದರೆ ಅದೇ ಗತಿ.

ಟ್ರಿಗರ್ ಎಳೆದರೂ ಸಿಡಿಯಲಿಲ್ಲವಾ? ತಕ್ಷಣ ಬಿಚ್ಚಬೇಡಿ, ನಳಿಗೆಯ ಬಾಯಿಯೊಳಗೆ ಇಣುಕಲೂಬೇಡಿ. ಒಮ್ಮೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಯಾರೂ ಇಲ್ಲದ ಕಡೆ ಹಾಗೇ ಹಿಡಿದು ಒಂದು ನಿಮಿಷ ಕಾಯಿರಿ, ಆಮೇಲೆ ತೆಗೆಯಿರಿ. ಕುಡಿದಿದ್ದರೆ ಆ ರಾತ್ರಿ ಬಂದೂಕು ಮುಟ್ಟಬೇಡಿ, ಬೆಳೆ ಹೋದರೆ ಹೋಗಲಿ.

ಗೆಳೆಯನ ಮದುವೆ ಮೆರವಣಿಗೆಯಲ್ಲಿ ಅವರ ಕಾಕಾ ಗಾಳಿಯಲ್ಲಿ ಗುಂಡು ಹಾರಿಸ್ತಾರಂತೆ. ಮೇಲಕ್ಕೆ ಹಾರಿಸಿದರೆ ಯಾರಿಗೇನು ತೊಂದರೆ?
– ಬೀದರ್ ಯುವಕ

ಮೇಲೆ ಹೋದದ್ದು ಕೆಳಗೆ ಬರಲೇಬೇಕಲ್ಲಪ್ಪಾ. ಬೀಳುವ ರೈಫಲ್ ಗುಂಡಿಗೂ ತಲೆಬುರುಡೆ ಒಡೆಯುವಷ್ಟು ವೇಗ ಇರುತ್ತದೆ. ಓರೆಯಾಗಿ ಹಾರಿಸಿದರೆ ಇನ್ನೂ ಅಪಾಯ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಸಂಭ್ರಮಕ್ಕೆ ಗುಂಡು ಹಾರಿಸುವುದೇ ಬೇರೆ ಅಪರಾಧ: ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಕಾನಿಗೆ ಬ್ಯಾಂಡಿನ ಮುಂದೆ ಕುಣಿಯಲು ಹೇಳಿ.

ಅಪ್ಪನ (ಶರಣಬಸವೇಶ್ವರರ) ಜಾತ್ರೆಯಲ್ಲಿ ಫುಗ್ಗಾ (ಬಲೂನು) ಹೊಡೆದು ಬಂದಾಗಿನಿಂದ ಮಗ ಏರ್‌ಗನ್ ಬೇಕು ಅಂತ ಹಟ ಹಿಡಿದಿದ್ದಾನೆ. ಲೈಸೆನ್ಸ್ ಬೇಡವಂತೆ, ಕೊಡಿಸಬಹುದಾ?
– ತಾಯಿ, ಕಲಬುರಗಿ

4.5 ಮಿಲಿಮೀಟರ್ ಬೋರಿನ, ಗುಂಡಿನ ಶಕ್ತಿ ಇಪ್ಪತ್ತು ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ, ನಿಜ. ಆದರೆ ಅದು ಆಟಿಕೆ ಅಲ್ಲಮ್ಮಾ. ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಅಂತಲೇ ಲೆಕ್ಕ. ನನ್ನನ್ನು ಕೇಳಿದರೆ ಮನೆಗೆ ತರಬೇಡಿ, ಕೋಚ್ ಇರುವ ಶೂಟಿಂಗ್ ರೇಂಜ್ ಹತ್ತಿರದಲ್ಲಿದ್ದರೆ ಅಲ್ಲಿಗೆ ಸೇರಿಸಿ. ತಂದೇ ಬಿಟ್ಟಿರಾದರೆ ಬೀಗದಲ್ಲಿಡಿ, ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ ಕೊಡಿ, ಕನ್ನಡಕ ಹಾಕಿಸಿ. ಗುರಿಯ ಹಿಂದೆ ದಪ್ಪ ಮರಳು ಚೀಲ ಇರಲಿ, ಮಾಳಿಗೆ ಗೋಡೆ ಬೇಡ. ಗುಬ್ಬಿ, ಪಾರಿವಾಳಕ್ಕೆ ಹೊಡೆಯಲು ಬಿಡಬೇಡಿ. ಛರ್ರೆ (ಏರ್‌ಗನ್‌ನ ಗುಂಡು) ಸೀಸದ್ದು, ಆಟ ಮುಗಿದಮೇಲೆ ಸೋಪು ಹಚ್ಚಿ ಕೈ ತೊಳೆಯದೆ ರೊಟ್ಟಿ ಮುಟ್ಟುವ ಹಾಗಿಲ್ಲ ಅಂತ ಮೊದಲೇ ಹೇಳಿಬಿಡಿ.

ಚುನಾವಣೆಗೆ ಬಂದೂಕು ಠಾಣೆಗೆ ಕೊಡಬೇಕಂತೆ. ಬೈಕ್ ಮೇಲೆ ಒಯ್ಯಬಹುದಾ?
– ಓದುಗರು, ಸುರಪುರ

ಒಯ್ಯಿರಿ, ಆದರೆ ಹೆಗಲಿಗೆ ನೇತುಹಾಕಿಕೊಂಡು ಅಲ್ಲ. ಮನೆಯಲ್ಲೇ ಖಾಲಿ ಮಾಡಿ, ಬಿಚ್ಚಿ ಚೀಲಕ್ಕೆ ಹಾಕಿ, ಲೈಸೆನ್ಸ್ ಪುಸ್ತಕ ಜೊತೆಗಿರಲಿ. ಠಾಣೆಯಲ್ಲಿ ಚೀಲದಿಂದ ತೆಗೆಯುವ ಮುಂಚೆ ಒಳಗೆ ಬಂದೂಕಿದೆ ಅಂತ ಬಾಯಿಬಿಟ್ಟು ಹೇಳಿ. ರಸೀದಿಯಲ್ಲಿ ಬಂದೂಕಿನ ನಂಬರ್ ಸರಿಯಾಗಿ ಬರೆದಿದ್ದಾರಾ ನೋಡಿ. ವಾಪಸ್ ತರುವಾಗಲೂ ಅಲ್ಲೇ ಬಿಚ್ಚಿ ನೋಡಿಯೇ ತೆಗೆದುಕೊಳ್ಳಿ, ಪೊಲೀಸರೇ ಕೊಟ್ಟಿದ್ದಾರೆ ಅಂತ ಬಿಡಬೇಡಿ.