‘ಸರ್, ಒಂದು ನಿಮಿಷ ಇದೆಯಾ?’

ನಾನು ಆಪ್ತಸಲಹೆಗಾರ್ತಿ. ಒಂದೇ ಕಥೆ ಬೇರೆ ಬೇರೆ ಮುಖ ಹೊತ್ತು ನನ್ನ ಮುಂದೆ ಬಂದು ಕೂರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಆಟಿಸಂ ಇರುವವರು, ಅಂದರೆ ಜನರೊಂದಿಗೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವವರು. ಕೆಲಸದಲ್ಲಿ ಗಟ್ಟಿಗರು. ಆ ಕಾರಣಕ್ಕೇ ಬಡ್ತಿ ಸಿಗುತ್ತದೆ, ಒಂದು ತಂಡ ಕೈಗೆ ಬರುತ್ತದೆ, ಆರು ತಿಂಗಳು ಕಳೆಯುವುದರೊಳಗೆ ನಿದ್ದೆ ಕೆಟ್ಟಿರುತ್ತದೆ. ಇಲ್ಲಿ ಯಾರ ಕಥೆ ಹೇಳುತ್ತಿದ್ದೇನೋ ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅಂಥ ಒಬ್ಬ ಮ್ಯಾನೇಜರ್, ನಲವತ್ತರ ಹತ್ತಿರದ ವಯಸ್ಸು. ಆಟಿಸಂ ಇದೆ ಎಂದು ಗೊತ್ತಾಗಿ ಎರಡು ವರ್ಷ. ಹನ್ನೊಂದು ಜನರ ತಂಡ. ಸಂಜೆ ಮನೆಗೆ ಬಂದರೆ ಯಾರ ಜೊತೆಗೂ ಮಾತು ಬರುತ್ತಿರಲಿಲ್ಲ. ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಗಳೂ ಕೈ ತಪ್ಪುತ್ತಿದ್ದವು, ಟ್ಯೂಬ್‌ಲೈಟಿನ ಸದ್ದು ಕೂಡ ತಡೆಯಲು ಆಗುತ್ತಿರಲಿಲ್ಲ.

ಮೊದಲ ಮೂರು ಭೇಟಿ ನಾನು ಹಾಳು ಮಾಡಿದೆ. ‘ಆಗ ನಿಮಗೆ ಏನನ್ನಿಸಿತು?’ ಎಂದು ಮತ್ತೆ ಮತ್ತೆ ಕೇಳಿದೆ. ಅವರು ‘ಗೊತ್ತಿಲ್ಲ ಮೇಡಂ’ ಎನ್ನುತ್ತಿದ್ದರು. ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ. ತನ್ನ ಭಾವನೆ ಯಾವುದು ಎಂದು ಗುರುತಿಸಿ ಹೆಸರಿಡಲು ಕಷ್ಟವಾಗುವುದಕ್ಕೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ, ಆಟಿಸಂ ಇರುವ ಬಹಳ ಜನರಲ್ಲಿ ಇದು ಇರುತ್ತದೆ. ಓದಿದ್ದೆ, ಆದರೂ ಎದುರಿಗೆ ಕೂತಾಗ ಮರೆತೆ. ಮೂರನೇ ಭೇಟಿಯ ಕೊನೆಗೆ ಹೇಳಿದೆ, ‘ಅನ್ನಿಸಿದ್ದು ಹೇಳೋದು ಬೇಡ ಬಿಡಿ. ಒಂದು ವಾರ ಎಣಿಸಿಕೊಂಡು ಬನ್ನಿ. ಏನಾದ ಮೇಲೆ ಸುಸ್ತು ಜಾಸ್ತಿ ಆಗುತ್ತೆ, ಅದನ್ನ ಬರೆದಿಡಿ.’

ನಾಲ್ಕನೇ ಭೇಟಿಗೆ ಒಂದು ಹಾಳೆ ತಂದರು. ಮೇಲೆ ಬರೆದಿತ್ತು: ‘ಸರ್, ಒಂದು ನಿಮಿಷ ಇದೆಯಾ?’ ಐದು ದಿನ, 94 ಸಲ. ಯಾರು ಬಂದರು, ಯಾವ ವಿಷಯ, ಎಷ್ಟು ಹೊತ್ತು. ಕೊನೆಯ ಕಾಲಂನಲ್ಲಿ, ಬಂದವರು ಹೋದ ಮೇಲೆ ಕೈಯಲ್ಲಿದ್ದ ಕೆಲಸಕ್ಕೆ ಮರಳಲು ಹಿಡಿದ ಸಮಯ. ಎಷ್ಟೋ ಕಡೆ ಮಾತಿಗಿಂತ ಮರಳುವುದಕ್ಕೇ ಹೆಚ್ಚು ಹೊತ್ತು ಹಿಡಿದಿತ್ತು. ಕೆಲವು ಕಡೆ ಅಲ್ಲಿ ಒಂದು ಗೆರೆ ಮಾತ್ರ. ಅಂದರೆ ಆ ದಿನ ಮರಳಲೇ ಇಲ್ಲ.

‘ಒಂದು ನಿಮಿಷ ಅಂದು ಅರ್ಧ ಗಂಟೆ ಕೂರ್ತಾರೆ ಅನ್ನೋದು ಕಷ್ಟನಾ?’ ಎಂದು ಕೇಳಿದೆ.

‘ಅಲ್ಲ ಮೇಡಂ. ಅದು ಒಂದು ನಿಮಿಷ ಅಲ್ಲ ಅಂತ ನನಗೂ ಗೊತ್ತು. ಬಾಗಿಲಲ್ಲಿ ನಿಂತವರು ರಜೆ ಕೇಳೋಕೆ ಬಂದಿದ್ದಾರಾ, ಕೆಲಸ ಬಿಡ್ತೀನಿ ಅನ್ನೋಕೆ ಬಂದಿದ್ದಾರಾ, ಮುಖ ನೋಡಿ ನನಗೆ ತಿಳಿಯಲ್ಲ. ಅದಕ್ಕೆ ಪ್ರತಿ ಸಲ ದೊಡ್ಡದಕ್ಕೇ ಸಿದ್ಧ ಆಗ್ತೀನಿ. ಆಮೇಲೆ ನೋಡಿದ್ರೆ ಅದು ರಜೆ. ಉತ್ತರ ಹೇಳೋದು ಕಷ್ಟ ಅಲ್ಲ, ಯಾವ ಪ್ರಶ್ನೆ ಬರುತ್ತೆ ಅಂತ ಗೊತ್ತಿಲ್ಲದೆ ದಿನವಿಡೀ ಕೂತಿರೋದು ಕಷ್ಟ.’

ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಲ್ಲಿಯವರೆಗೆ ಕೆಲಸದ ಹೊರೆ ಇಳಿಸುವ ದಾರಿ ಹುಡುಕುತ್ತಿದ್ದೆ. ಹೊರೆ ಅದಲ್ಲವೇ ಅಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಬಾಗಿಲು ಸದಾ ತೆರೆದಿರಬೇಕು ಎಂಬ ನಿಯಮ ಬಿಡಿ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತಿಗೆ ಅಂತಲೇ ಇಡಿ, ಆ ಹೊತ್ತಿನಲ್ಲಿ ಬೇರೆ ಕೆಲಸ ಕೈಗೆತ್ತಿಕೊಳ್ಳಬೇಡಿ, ಯಾಕೆಂದರೆ ಮ್ಯಾನೇಜರ್‌ಗೆ ಮಾತೇ ಕೆಲಸ. ಬರುವ ಮುಂಚೆ ಒಂದು ಸಾಲು ಬರೆದು ಕಳಿಸಲಿ: ಏನು ವಿಷಯ, ತೀರ್ಮಾನ ಬೇಕಾ ಅಥವಾ ತಿಳಿಸಿದರೆ ಸಾಕಾ, ಇವತ್ತೇನಾ. ತುರ್ತಿದ್ದರೆ ಮಾತ್ರ ಫೋನ್. ಹಾಗಾದರೆ ಫೋನ್ ಬಂದಾಗ ಮಾತ್ರ ದೊಡ್ಡದಕ್ಕೆ ಸಿದ್ಧವಾದರೆ ಆಯಿತು. ಮೀಟಿಂಗ್ ಆದ ಮೇಲೆ ಇಪ್ಪತ್ತು ನಿಮಿಷ ಯಾರೂ ಇಲ್ಲದ ಕಡೆ. ಇದನ್ನೆಲ್ಲ ಕೇಳಲು ಆಟಿಸಂ ಇದೆ ಎಂದು ಹೇಳಲೇಬೇಕಾಗಿಲ್ಲ. ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ‘ನನಗೆ ಹೀಗಿದ್ದರೆ ಕೆಲಸ ಚೆನ್ನಾಗಿ ಆಗುತ್ತೆ’ ಎಂದು ಯಾವ ಮ್ಯಾನೇಜರ್ ಬೇಕಾದರೂ ಹೇಳಬಹುದು, ಅಲ್ವಾ?

ನನ್ನ ಜೊತೆಯ ಸಲಹೆಗಾರರೊಬ್ಬರು ಇದನ್ನು ಒಪ್ಪಲಿಲ್ಲ. ಮುಖಭಾವ ಓದುವುದನ್ನು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಕಲಿಸಬೇಕಿತ್ತು, ನೀವು ಅವರನ್ನು ಗೂಡಿನೊಳಗೆ ಕೂರಿಸಿದಿರಿ ಎಂದರು. ಹಿಂದೆ ನಾನೂ ಅದನ್ನೇ ಕಲಿಸಿದ್ದೆ. ಹಾಗೆ ಕಲಿತ ಒಬ್ಬರು ಎಂಟು ತಿಂಗಳು ಎಲ್ಲರ ಮೆಚ್ಚುಗೆ ಪಡೆದು, ಒಂದು ದಿನ ಹಾಸಿಗೆಯಿಂದ ಏಳಲಾರದೆ ಕೆಲಸ ಬಿಟ್ಟರು. ತಾನಲ್ಲದ ಒಬ್ಬನನ್ನು ದಿನವಿಡೀ ನಟಿಸಲು ನಾನೇ ತರಬೇತಿ ಕೊಟ್ಟಿದ್ದೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕರು, ಅವರಿಗೂ ಆಟಿಸಂ ಇದೆ, ಒಂದು ಮಾತು ಮುಂದಿಟ್ಟರು: ಅರ್ಥವಾಗದಿರುವುದು ಒಂದೇ ಕಡೆಯ ಕೊರತೆಯಲ್ಲ, ಆಟಿಸಂ ಇಲ್ಲದವರಿಗೂ ಆಟಿಸಂ ಇರುವವರು ಸರಿಯಾಗಿ ಅರ್ಥವಾಗುವುದಿಲ್ಲ. ಹಾಗಿದ್ದ ಮೇಲೆ ಸರಿಹೋಗುವ ಕೆಲಸವೆಲ್ಲ ಒಬ್ಬರ ತಲೆ ಮೇಲೆ ಯಾಕೆ? ಹನ್ನೊಂದು ಜನ ಒಂದೊಂದು ಸಾಲು ಬರೆಯಲಿ. ಅದು ಹೆಚ್ಚಿನ ಬೇಡಿಕೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಪ್ರಶ್ನೆ ಮನೆಯವರಿಂದ ಬಂತು. ಬಡ್ತಿ ಬೇಡ ಅಂತ ವಾಪಸ್ ಕೊಟ್ಟರೆ ಆಗಲ್ವಾ? ಆಗುತ್ತದೆ, ಅದರಲ್ಲಿ ಅವಮಾನವೇನಿಲ್ಲ. ಆದರೆ ಇಷ್ಟು ಬಳಲಿದಾಗ ತೀರ್ಮಾನ ಬೇಡ ಎಂದೆ. ಮೊದಲು ಎರಡು ವಾರ ರಜೆ ಹಾಕಿಸಿದೆ, ಮನೋವೈದ್ಯರ ಬಳಿ ಕಳಿಸಿದೆ. ಆಟಿಸಂ ಇರುವವರ ಈ ಬಗೆಯ ಬಳಲಿಕೆ ಹೊರಗಿನಿಂದ ಖಿನ್ನತೆಯ ಹಾಗೇ ಕಾಣುತ್ತದೆ, ಎರಡೂ ಒಟ್ಟಿಗೆ ಇರಲೂಬಹುದು, ಬದುಕು ಸಾಕೆನ್ನಿಸುವ ಅಪಾಯವೂ ಇವರಲ್ಲಿ ಹೆಚ್ಚು. ಅದನ್ನು ನೇರವಾಗಿ ಕೇಳಿದೆ. ಸುತ್ತಿಬಳಸಿ ಕೇಳಿದ್ದರೆ ಅವರಿಗೆ ಪ್ರಶ್ನೆಯೇ ತಿಳಿಯುತ್ತಿರಲಿಲ್ಲವೇನೋ. ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೆಯಿರಿ ಎಂದು ಹೇಳುವುದು ನಮಗೆಲ್ಲ ಅಭ್ಯಾಸ. ಜನರ ನಡುವೆಯೇ ಬಳಲಿದವರಿಗೆ ಅದನ್ನು ಹೇಳುವ ಮುಂಚೆ ದಯವಿಟ್ಟು ಯೋಚಿಸಿ.

ಎಲ್ಲವೂ ಸರಿಹೋಗಲಿಲ್ಲ. ತಂಡದ ಒಬ್ಬರು ‘ನಿಮ್ಮ ಹತ್ತಿರ ಮಾತಾಡೋಕೂ ಅರ್ಜಿ ಹಾಕಬೇಕು’ ಎಂದು ನೊಂದು ಹೇಳಿದರಂತೆ. ಆ ನೋವು ನಿಜವೇ. ಅವರಿಗೆ ವಾರಕ್ಕೊಂದು ದಿನ ಅರ್ಧ ಗಂಟೆ ಮೀಸಲಿಟ್ಟಿದ್ದಾರೆ, ಆ ದಿನ ಸಾಲು ಬರೆಯಬೇಕಿಲ್ಲ. ಅದು ನಾನು ಹೇಳಿಕೊಟ್ಟದ್ದಲ್ಲ, ಅವರೇ ಯೋಚಿಸಿದ್ದು.

ಹೋದ ತಿಂಗಳು ಮತ್ತೊಂದು ಹಾಳೆ ತಂದಿದ್ದರು. ಐದು ದಿನ, 22 ಸಲ. ಅದರಲ್ಲಿ ಒಂಬತ್ತು ಅವರ ಮೇಲಧಿಕಾರಿಯದ್ದು, ಒಂದು ಸಾಲೂ ಇಲ್ಲದೆ, ‘ಸ್ವಲ್ಪ ಬನ್ನಿ’ ಅಷ್ಟೇ. ಅವರ ಬಳಿ ಈ ಸಾಲು ಕೇಳುವ ಧೈರ್ಯ ಇನ್ನೂ ಆಗಿಲ್ಲ. ಅದನ್ನು ಕೇಳಿ ಮೇಲಧಿಕಾರಿಗೆ ಒಂದು ಪತ್ರವನ್ನು ಮುಂದಿನ ಭೇಟಿಯಲ್ಲಿ ಇಬ್ಬರೂ ಕೂತು ಬರೆಯುವುದಿದೆ.