1789ರ ಘೋಷಣೆಯಲ್ಲಿ ಮಹಿಳೆಯರಿದ್ದರೇ?

1789ರ ಫ್ರೆಂಚ್ ಮಾನವ ಹಕ್ಕುಗಳ ಘೋಷಣೆ ಮಹಿಳೆಯರಿಗೂ ಅನ್ವಯಿಸುತ್ತಿತ್ತೇ ಎಂದು ಕೇಳಿದ್ದೀರಿ. ಮತದಾನದ ಮಟ್ಟಿಗಂತೂ ಖಂಡಿತ ಇಲ್ಲ. ಆ ಹಕ್ಕು ಬಂದದ್ದು 1944ರಲ್ಲಿ. ಘೋಷಣೆಯಾದ ವರ್ಷವೇ ಅಕ್ಟೋಬರ್‌ನಲ್ಲಿ, ಬ್ರೆಡ್ಡಿಗೆ ಪರದಾಡುತ್ತಿದ್ದ ಪ್ಯಾರಿಸ್ಸಿನ ಹೆಂಗಸರು ಮಳೆಯಲ್ಲೇ ರಾಜನ ಅರಮನೆಯಿದ್ದ ವರ್ಸೇಲ್ಸ್‌ವರೆಗೆ ನಡೆದು ಹೋಗಿ ರಾಜನನ್ನು ರಾಜಧಾನಿಗೆ ಕರೆತಂದಿದ್ದರು. ಚಿಂತಕರಲ್ಲಿ ಕಾಂಡೋರ್ಸೆ 1790ರಲ್ಲೇ ಸ್ತ್ರೀಯರ ಪೌರತ್ವದ ಪರ ಬರೆದ. ರೂಸೋ ಮಾತ್ರ ತನ್ನ ಬರಹಗಳಲ್ಲಿ ಅವರನ್ನು ಮನೆಯೊಳಗೇ ಇರಿಸಿದ್ದ. ನನಗೆ ಇಂದಿಗೂ ಅದು ನುಂಗಲಾರದ ತುತ್ತು.

ನೀವು ಫ್ರೆಂಚ್ ಲೇಖಕಿ ಒಲಿಂಪ್ ದ ಗೂಜ್ ಬಗ್ಗೆ ಓದಲೇಬೇಕು. 1791ರಲ್ಲಿ ಆಕೆ ಆ ಘೋಷಣೆಯ 17 ವಿಧಿಗಳನ್ನೂ ಒಂದೊಂದಾಗಿ ಎತ್ತಿಕೊಂಡು, ಹೆಣ್ಣನ್ನು ಒಳಗೊಳ್ಳುವಂತೆ ತಿರುಗಿಸಿ ಬರೆದಳು. ವಧಾಸ್ಥಾನ ಏರುವ ಹಕ್ಕು ಹೆಣ್ಣಿಗಿದ್ದರೆ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕು ಎಂಬುದು ಆಕೆ ಬರೆದ 10ನೇ ವಿಧಿಯ ಮಾತು. ಸರ್ಕಾರದ ಸ್ವರೂಪವನ್ನು ಜನರೇ ಆರಿಸಲಿ ಎಂದ ಭಿತ್ತಿಪತ್ರಕ್ಕಾಗಿ ಸೆರೆಯಾದ ಆಕೆಯನ್ನು 1793ರ ನವೆಂಬರ್ 3ರಂದು ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ಒಪ್ಪಿಸಿದರು.