ನೆಲಕ್ಕೆ ತಾಗಿದ ಕ್ಯಾಚ್: ಒಂದು ಆಪ್ತಸಲಹೆ ಪ್ರಕರಣ

ಮುಂಬಯಿ ಬಳಿಯ ಡೊಂಬಿವಲಿಯ ಕನ್ನಡ ಕುಟುಂಬವೊಂದರ 14 ವರ್ಷದ ಹುಡುಗನನ್ನು ತಂದೆ ನನ್ನ ಬಳಿ ಕರೆತಂದದ್ದು ಸಲಹೆಗಾಗಿ ಅಲ್ಲ, ಒಂದು ಪತ್ರಕ್ಕಾಗಿ. ಗುರುತು ಸಿಗಬಹುದಾದ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಆಜಾದ್ ಮೈದಾನದ ಶಾಲಾ ಪಂದ್ಯವೊಂದರಲ್ಲಿ ವಿಕೆಟ್ ಕೀಪರ್ ಆಗಿದ್ದ ಈ ಹುಡುಗ, ತಾನು ಹಿಡಿದ ಕ್ಯಾಚನ್ನು ಅಂಪೈರ್ ಒಪ್ಪದಿದ್ದಾಗ ಗ್ಲೌಸ್ ಎಸೆದು, ಅವರನ್ನು ಅವಾಚ್ಯವಾಗಿ ಬೈದು, ಆಟ ಮುಗಿದ ಮೇಲೆ ಎದುರಾಳಿಗಳ ಕೈ ಕುಲುಕದೆ ಹೊರಟುಹೋಗಿದ್ದ. ಶಾಲೆ ಅವನನ್ನು ಎರಡು ಪಂದ್ಯಗಳಿಂದ ಹೊರಗಿಟ್ಟಿತ್ತು. ಹುಡುಗ ಮಾನಸಿಕ ಒತ್ತಡದಲ್ಲಿದ್ದನೆಂದು ನಾನು ಬರೆದುಕೊಟ್ಟರೆ ಶಿಕ್ಷೆ ರದ್ದಾಗುತ್ತದೆ ಎಂಬುದು ತಂದೆಯ ಎಣಿಕೆಯಾಗಿತ್ತು.

ಅಂಥ ಪತ್ರ ಕೊಡಲಾರೆನೆಂದು ಮೊದಲೇ ತಿಳಿಸಿದೆ. ಒತ್ತಡವಿದ್ದದ್ದು ನಿಜವೇ ಇರಬಹುದು, ಆದರೆ ಅದನ್ನು ರಿಯಾಯಿತಿಯ ಚೀಟಿಯಾಗಿ ಬಳಸಿದರೆ ಹುಡುಗ ತನ್ನ ನಡತೆಗೆ ತಾನು ಹೊಣೆಯಲ್ಲವೆಂದೇ ಕಲಿಯುತ್ತಾನೆ. ಶಿಕ್ಷೆಯೂ ನನಗೆ ಅತಿಯೆನಿಸಲಿಲ್ಲ. ಕ್ರಿಕೆಟ್‌ನ ನಿಯಮಾವಳಿಯಲ್ಲೇ 2017ರಿಂದ ಆಟಗಾರರ ನಡತೆಗೆಂದು 42ನೆಯ ನಿಯಮವಿದೆ. ತಪ್ಪಿನ ತೀವ್ರತೆಗೆ ತಕ್ಕಂತೆ ಎದುರಾಳಿ ತಂಡಕ್ಕೆ 5 ರನ್ ಕೊಡುವುದರಿಂದ ಹಿಡಿದು ಆಟಗಾರನನ್ನು ಮೈದಾನದಿಂದ ಕಳುಹಿಸುವವರೆಗೆ ಅಂಪೈರ್‌ಗೆ ಅಧಿಕಾರವಿದೆ.

ಎರಡನೆಯ ಭೇಟಿಯಲ್ಲಿ ಹುಡುಗನೊಬ್ಬನನ್ನೇ ಕೂರಿಸಿಕೊಂಡು, ಚೆಂಡು ಕೈಗೆ ಬಂದ ಕ್ಷಣವನ್ನು ಹಂತಹಂತವಾಗಿ ವಿವರಿಸಲು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಚೆಂಡು ನೆಲಕ್ಕೆ ತಾಗಿತ್ತು ಮೇಡಂ, ನಂಗೆ ಆಗ್ಲೇ ಗೊತ್ತಿತ್ತು" ಎಂದ. ಹಾಗಿದ್ದರೆ ಅಷ್ಟು ಸಿಟ್ಟೇಕೆ ಎಂದು ಕೇಳಿದಾಗ ಅವನು ಅಂಪೈರ್ ಬಗ್ಗೆ ಮಾತಾಡಲೇ ಇಲ್ಲ, ಮನೆಗೆ ಹೋಗುವ ಲೋಕಲ್ ರೈಲಿನ ಬಗ್ಗೆ ಮಾತಾಡಿದ. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಲ್ಲಿ ರೈಲು ಹತ್ತಿದಾಗಿನಿಂದ ಡೊಂಬಿವಲಿಯಲ್ಲಿ ಇಳಿಯುವವರೆಗೆ ಪ್ರತಿ ಪಂದ್ಯದ ನಂತರವೂ ತಂದೆಯಿಂದ ವಿಚಾರಣೆ ನಡೆಯುತ್ತಿತ್ತು: ಎಷ್ಟು ರನ್, ಯಾವ ಕ್ಯಾಚ್ ಬಿಟ್ಟೆ, ಕೋಚ್ ಏನಂದರು. ಅಂದಿನ ರೈಲಿನಲ್ಲಿ ಮಾತ್ರ ತಂದೆ ಅವನ ಪರವಾಗಿದ್ದರು, ಏಕೆಂದರೆ ತಪ್ಪೆಲ್ಲ ಅಂಪೈರ್‌ದಾಗಿತ್ತು. ಈಗ ನಿಜ ಹೇಳಿದರೆ ಆ ಬೆಂಬಲವೂ ಹೋಗುತ್ತದೆ ಎಂಬ ಭಯ ಅವನದು. ಈ ಪ್ರಕರಣದ ಬೇರು ಇಲ್ಲಿದೆಯೆಂದು ನಾನು ನಂಬಿದ್ದೇನೆ. ಬೌಂಡರಿಯಾಚೆ ನಿಂತು ಅಂಪೈರನ್ನು ಹಳಿಯುವ ಪೋಷಕರು ಮಗುವಿಗೆ ಧೈರ್ಯ ತುಂಬುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಮಗುವಿಗಾದರೋ ಸತ್ಯ ಹೇಳುವ ದಾರಿಯೇ ಮುಚ್ಚಿಹೋಗಿರುತ್ತದೆ.

ಅವನ ಒಪ್ಪಿಗೆ ಪಡೆದು ಮೂರನೆಯ ಭೇಟಿಗೆ ತಂದೆಯನ್ನೂ ಕರೆದೆ. ಹುಡುಗ ತಾನೇ ವಿಷಯ ಹೇಳಿದ. ತಂದೆ ಗುಂಡಪ್ಪ ವಿಶ್ವನಾಥರ ಕಟ್ಟಾ ಅಭಿಮಾನಿಯೆಂದು ಮೊದಲ ದಿನವೇ ಹೇಳಿಕೊಂಡಿದ್ದರಿಂದ, 1980ರ ಫೆಬ್ರವರಿಯಲ್ಲಿ ಇದೇ ಮುಂಬಯಿಯ ವಾಂಖೆಡೆಯಲ್ಲಿ ನಡೆದ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟನ್ನು ನೆನಪಿಸಿದೆ. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದ ಸರದಿಯಲ್ಲಿ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದ ಭಾರತದ ನಾಯಕ ವಿಶ್ವನಾಥ್, ಟೇಲರ್ ಅವರನ್ನು ಮರಳಿ ಕರೆದರು. "ಆ ಪಂದ್ಯ ನಾವು ಸೋತೆವಲ್ಲ" ಎಂದರು ತಂದೆ. ಹೌದು, ಟೇಲರ್ ಮತ್ತು ಬೋಥಮ್ 171 ರನ್ ಕೂಡಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ನಷ್ಟವನ್ನು ಮುಚ್ಚಿಡದೆಯೇ ಮಗನಿಗೆ ಈ ಕಥೆ ಹೇಳಿ ಎಂದು ಕೇಳಿಕೊಂಡೆ. ಪ್ರಾಮಾಣಿಕತೆಗೆ ಬಹುಮಾನ ಖಚಿತವೆಂದು ಮಕ್ಕಳಿಗೆ ಸುಳ್ಳು ಹೇಳಬಾರದು.

ಕೊಟ್ಟ ಸಲಹೆಗಳು ಸರಳವಾಗಿದ್ದವು. ಶಿಕ್ಷೆಯ ವಿರುದ್ಧ ಮೇಲ್ಮನವಿ ಬೇಡ. ಆ ಎರಡು ಪಂದ್ಯಗಳಿಗೂ ಹುಡುಗ ಹೋಗಿ ಸ್ಕೋರ್ ಬರೆಯಲಿ. ಅಂಪೈರನ್ನು ಕಂಡು, "ಆದರೆ" ಎಂಬ ಪದವಿಲ್ಲದೆ ಕ್ಷಮೆ ಕೇಳಲಿ. ತಂದೆ ಜೊತೆಗಿರಲಿ, ಮಾತಾಡುವುದು ಬೇಡ. ಅಭ್ಯಾಸದಲ್ಲಿ ಕಿರಿಯ ಹುಡುಗರ ಆಟಕ್ಕೆ ಅವನೇ ಅಂಪೈರ್ ಆಗಿ ನಿಲ್ಲುವಂತೆ ಕೋಚ್‌ಗೆ ಸೂಚಿಸಿದೆ. ಸಿಟ್ಟು ಬಂದಾಗ ಗ್ಲೌಸ್ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿ, ಒಂದು ದೀರ್ಘ ಉಸಿರು ಬಿಟ್ಟ ನಂತರವೇ ಬಾಯಿ ತೆರೆಯುವುದನ್ನು ರೂಢಿ ಮಾಡಿಸಿದೆ. ತಂದೆಗೆ ಕೊಟ್ಟದ್ದು ಎಲ್ಲಕ್ಕಿಂತ ಕಠಿಣ: ಮರುದಿನ ಬೆಳಗಿನವರೆಗೆ ಪಂದ್ಯದ ಮಾತೆತ್ತಬಾರದು, ಮಗನೇ ಆರಂಭಿಸಿದರೆ ಬರೀ ಕೇಳಿಸಿಕೊಳ್ಳಬೇಕು.

ಹುಡುಗ ಕ್ಷಮೆ ಕೇಳಿದ್ದಾನೆ, ತಂಡಕ್ಕೆ ಮರಳಿದ್ದಾನೆ. ತಂದೆಗೆ ರೈಲಿನಲ್ಲಿ ಸುಮ್ಮನಿರುವುದು ಇನ್ನೂ ಪೂರ್ತಿ ಸಾಧ್ಯವಾಗಿಲ್ಲ. ಹಾಗಾಗಿ ಮುಂದಿನ ಕೆಲವು ಪಂದ್ಯಗಳಿಗೆ ಹುಡುಗನ ಜೊತೆ ತಾಯಿ ಹೋಗುವುದೆಂದು ಮೂವರೂ ಸೇರಿ ತೀರ್ಮಾನಿಸಿದ್ದಾರೆ.